999919 ಒಡೆದ ಭಾನುವಾರ

ಟಿಕೆಟ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಆಕೆಯನ್ನು ಎಲ್ಲರೂ ಶೇಷಮ್ಮ ಎನ್ನುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ನಂಬರ್ ಹಾಕುವ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ಕೂತವಳಿಗೆ ಕಣ್ಣಿಗೆ ಬಿದ್ದ ಸಂಖ್ಯೆಯನ್ನೆಲ್ಲ ಮನಸ್ಸಿನಲ್ಲೇ ಭಾಗಿಸುವ ಚಾಳಿ. "ಹದಿಮೂರರಿಂದ ಹೋಗಲ್ಲ, ಶೇಷ ನಾಲ್ಕು" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ ಭಾಗಾಕಾರದ ರುಚಿ ಬಿಟ್ಟಿರಲಿಲ್ಲ.

ಒಂದು ಸೋಮವಾರ ಯಂತ್ರ 999919ಕ್ಕೆ ಬಂದು ಕಚ್ಚಿಕೊಂಡು ನಿಂತಿತು. ಹಲ್ಲುಚಕ್ರ ಸವೆದಿತ್ತು. ಹೊಸದು ಬರಲು ಎರಡು ವಾರ ಬೇಕಿತ್ತು.

"ಇನ್ನು ಎಂಬತ್ತೊಂದು ಹೊಡೆದಿದ್ರೆ ಹತ್ತು ಲಕ್ಷ ಮುಗೀತಿತ್ತು" ಎಂದು ಫೋರ್‌ಮನ್ ಪೇಚಾಡಿದ.

ಶೇಷಮ್ಮನಿಗೆ ಹಾಳೆ ಮಡಿಸುವ ಕೆಲಸ ಕೊಟ್ಟರು. ಊಟದ ಬಿಡುವಿನಲ್ಲಿ ಆಕೆ ನೋಟ್‌ಬುಕ್ ತೆರೆದು ಆ ಸಂಖ್ಯೆಯ ಬೆನ್ನು ಹತ್ತಿದಳು. ಮೂರರಿಂದ ಹೋಗಲಿಲ್ಲ, ಏಳರಿಂದಲೂ ಇಲ್ಲ. ಎರಡು ಸಂಖ್ಯೆ ಗುಣಿಸಿ ಹತ್ತು ಲಕ್ಷಕ್ಕಿಂತ ಕಡಿಮೆ ಬರಬೇಕಾದರೆ ಒಂದಾದರೂ ಸಾವಿರದೊಳಗೆ ಇರಲೇಬೇಕು. ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳು ನೂರ ಅರವತ್ತೆಂಟು. ದಿನಕ್ಕೆ ಹದಿಮೂರೋ ಹದಿನಾಲ್ಕೋ ಪರೀಕ್ಷಿಸುತ್ತಾ ಎರಡನೇ ಶನಿವಾರದ ಹೊತ್ತಿಗೆ 977 ಮುಗಿಸಿದಳು. ಉಳಿದದ್ದು ಮೂರೇ. ಇದು ಕಬ್ಬಿಣದ ಕಡಲೆ, ಒಡೆಯುವುದಿಲ್ಲ ಎಂದು ಪ್ರೆಸ್ಸಿನಲ್ಲೆಲ್ಲ ಹೇಳಿಯೂ ಬಿಟ್ಟಳು.

ಆಕೆಯ ಗಂಡ ಬಡಗಿ, ಲೆಕ್ಕವೆಂದರೆ ಮಾರು ದೂರ ನಿಲ್ಲುವವನು. ಭಾನುವಾರ ಬೆಳಿಗ್ಗೆ ಹಿತ್ತಲ ಶೆಡ್ಡಿನಲ್ಲಿ ಮೇಜಿನ ಹಲಗೆ ಕೊಯ್ಯುತ್ತಿದ್ದ. ಶೇಷಮ್ಮ ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ನೋಟ್‌ಬುಕ್ ಹಿಡಿದು ಬಂದಳು.

"ರೀ, ಹತ್ತು ಲಕ್ಷಕ್ಕೆ ಎಂಬತ್ತೊಂದೇ ಕಮ್ಮಿ. ಆದ್ರೂ ಯಾವುದಕ್ಕೂ ಬಗ್ಗಲ್ಲ ನೋಡಿ."

ಆತ ಗರಗಸ ಕೆಳಗಿಟ್ಟ. "ಹತ್ತು ಲಕ್ಷ ಅಂದ್ರೆ ಸಾವಿರಕ್ಕೆ ಸಾವಿರದ ಚೌಕ ಹಲಗೆ ಅಲ್ವೇನೇ?"

"ಹೌದು."

"ಮೂಲೇಲಿ ಒಂಬತ್ತಕ್ಕೊಂಬತ್ತರ ಚೂರು ಹೋಗಿದೆ, ಅಷ್ಟೇ ತಾನೆ? ಇಂಥ ಹಲಗೆ ನಂಗೆ ದಿನಾ ಬರುತ್ತೆ."

ಚೌಕ ರಟ್ಟೊಂದನ್ನು ತೆಗೆದುಕೊಂಡು ಅದರ ಮೂಲೆಯಲ್ಲಿ ಪುಟ್ಟ ಚೌಕ ಕತ್ತರಿಸಿ ಎಸೆದ. ಆ ಕಚ್ಚಿನ ಪಕ್ಕದಲ್ಲಿ ಚಾಚಿಕೊಂಡಿದ್ದ ಪಟ್ಟಿಯನ್ನೂ ಕತ್ತರಿಸಿ, ತಿರುಗಿಸಿ, ಇನ್ನೊಂದು ಅಂಚಿಗೆ ಸೇರಿಸಿಟ್ಟ. ಕಚ್ಚು ಮಾಯವಾಯಿತು. ಮುಂದೆ ಇದ್ದದ್ದು ನೆಟ್ಟಗಿನ ಆಯತ.

"ಒಂದು ಕಡೆ ಒಂಬತ್ತು ಕಮ್ಮಿ, ಇನ್ನೊಂದು ಕಡೆ ಒಂಬತ್ತು ಜಾಸ್ತಿ."

ಶೇಷಮ್ಮ ನೋಟ್‌ಬುಕ್ಕಿನಲ್ಲಿ 991 ಬರೆದಳು, ಪಕ್ಕದಲ್ಲಿ 1009. ಗುಣಿಸಿದಳು. ಬಂದದ್ದು 999919. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಲೆಕ್ಕ ಬರಲ್ಲ ಅಂತಿದ್ರಲ್ಲ?"

"ಬರಲ್ಲ. ಹಲಗೆ ಬರುತ್ತೆ. ಆ ಟೀ ಇತ್ಲಾಗೆ ಕೊಡು, ಆರೋಗ್ತಿದೆ."

ಆತ ಮತ್ತೆ ಕೊಯ್ಯತೊಡಗಿದ. ಆಕೆ ಅಲ್ಲೇ ಸ್ಟೂಲ್ ಎಳೆದುಕೊಂಡು ಚಾಳಿ ಬಿಡದೆ 991, 1009 ಎರಡೂ ಮತ್ತೆ ಒಡೆಯುತ್ತವೆಯೇ ಎಂದು ನೋಡಿದಳು. ಮೂವತ್ತೊಂದರವರೆಗೆ ನೋಡಿದರೆ ಸಾಕಿತ್ತು. ಎರಡೂ ಜಗ್ಗಲಿಲ್ಲ.

ಸೋಮವಾರ ಹೊಸ ಚಕ್ರ ಬಂತು. ತನ್ನ ಮಾತು ಸುಳ್ಳಾಯಿತೆಂದು ಒಪ್ಪಿಕೊಳ್ಳಲು ಶೇಷಮ್ಮನಿಗೆ ಎಳ್ಳಷ್ಟೂ ಸಂಕೋಚವಾಗಲಿಲ್ಲ. "ನಮ್ಮನೆಯವ್ರು ಒಡೆದ್ರು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದಳು.