ಮೇಲೆ ಹೋದವರು ಇಳಿಯುವ ತನಕ

ಈಶ್ವರಿ ಭಾಲ್ಕಿಗೆ ಬಂದ ದಿನ ಕಸ್ತೂರಿಬಾಯಿ ಮಾಳಿಗೆಯ ಮೇಲೆ ತೊಗರಿ ಬೇಳೆ ಒಣಹಾಕುತ್ತಿದ್ದರು. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಇನ್ನೊಂದರಲ್ಲಿ ಹಾಸಿಗೆ ಸುರುಳಿ ಹಿಡಿದು ಮೆಟ್ಟಿಲು ಹತ್ತಿ ಬಂದ ಹುಡುಗಿ ನಮಸ್ಕಾರ ಹೇಳುವ ಮೊದಲೇ ಸುತ್ತ ಕಣ್ಣಾಡಿಸಿದಳು.

"ಇಲ್ಲಿ ಸಿಗ್ನಲ್ ಛಂದ ಬರ್ತದೇನ್ರಿ ಆಯಿ?"

"ಬರ್ತದವಾ. ಮೊದಲು ನೀರು ಕುಡಿ. ಸಿಗ್ನಲ್ ಎಲ್ಲಿ ಓಡಿ ಹೋಗ್ತದ?"

ಅಂದಿನಿಂದ ಕಸ್ತೂರಿಬಾಯಿಯ ಮನೆಯ ಮೇಲಿನ ಕೋಣೆ ಬಾಡಿಗೆಗೆ ಈಶ್ವರಿಯದಾಯಿತು. ಭಾಲ್ಕಿ, ಔರಾದ ತಾಲೂಕುಗಳಲ್ಲಿ ನೆಲದೊಳಗಿನ ನೀರು ಹುಡುಕಲು ಸರ್ಕಾರ ಒಂದು ಖಾಸಗಿ ಕಂಪನಿಯ ಹೆಲಿಕಾಪ್ಟರನ್ನು ಗುತ್ತಿಗೆಗೆ ಹಿಡಿದಿತ್ತು. ಊರ ಹೊರಗಿನ ಬಯಲಿನಿಂದ ಅದು ಹಾರುತ್ತಿತ್ತು. ಗುತ್ತಿಗೆಯ ಕರಾರು ಬಿಗಿಯಾಗಿತ್ತು. ಹೆಲಿಕಾಪ್ಟರಿನಲ್ಲಿ ಒಂದು ಪೆಟ್ಟಿಗೆ ಇರಬೇಕು. ತಾನು ಎಲ್ಲಿದ್ದೇನೆಂದು ಅದು ಎರಡು ನಿಮಿಷಕ್ಕೊಮ್ಮೆ ಉಪಗ್ರಹದ ಮೂಲಕ ತಿಳಿಸುತ್ತಿರಬೇಕು. ಕೆಳಗೆ ಒಬ್ಬರು ಕಣ್ಣಿಟ್ಟು ಕೂತಿರಬೇಕು. ಸುದ್ದಿ ನಿಂತರೆ ಹಾರಾಟವೂ ನಿಲ್ಲಬೇಕು. ಹಾಗೆ ಕಣ್ಣಿಟ್ಟು ಕೂರುವವಳೇ ಈಶ್ವರಿ. ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಸರಿಯುತ್ತಿತ್ತು. ಅವಳ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು.

ಚುಕ್ಕೆ ಮೇಲಿರುವ ತನಕ ಅವಳು ಊಟ ಮುಟ್ಟುತ್ತಿರಲಿಲ್ಲ. ಕಸ್ತೂರಿಬಾಯಿ ಬಿಸಿ ರೊಟ್ಟಿ, ಪುಂಡಿ ಪಲ್ಯ ತಂದಿಟ್ಟರೆ, "ಇಳೀಲ್ರಿ ಆಯಿ, ಆಮ್ಯಾಲ ಉಣ್ತೇನಿ" ಎನ್ನುವಳು.

"ನಿನ್ನ ಗಂಡ ಏನವಾ ಅದು, ಬಂದ ಮ್ಯಾಲೇ ಉಣ್ಲಿಕ್ಕೆ?"

ಈಶ್ವರಿ ನಕ್ಕಳು. ಆದರೆ ಒಂದು ದಿನ ತಾನಾಗಿಯೇ ಕಾರಣ ಹೇಳಿದಳು. ಅವಳದು ಔರಾದ ತಾಲೂಕಿನ ಎಕಂಬಾ, ಕುರಿ ಸಾಕುವ ಮನೆ. ಅವಳು ಚಿಕ್ಕವಳಿದ್ದಾಗ ಅಪ್ಪ ಹಣಮಂತಪ್ಪ ಕುರಿ ಹೊಡೆದುಕೊಂಡು ಹೋದವನು ಹಳ್ಳದಲ್ಲಿ ಬಿದ್ದು ಕಾಲು ಮುರಿದುಕೊಂಡ. ಮನೆಯವರು ಅವನು ಹಟ್ಟಿಯಲ್ಲಿದ್ದಾನೆ ಅಂದುಕೊಂಡರು, ಹಟ್ಟಿಯವರು ಮನೆಯಲ್ಲಿದ್ದಾನೆ ಅಂದುಕೊಂಡರು. ಒಂದು ಹಗಲೆಲ್ಲ ಅವನು ಬಿಸಿಲಿಗೆ ಬಿದ್ದಿದ್ದ. ಈಗಲೂ ಕುಂಟುತ್ತಾನೆ. ಬೀದರದಲ್ಲಿ ಡಿಪ್ಲೊಮಾ ಓದಿ, ಅಲ್ಲೇ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಈಶ್ವರಿ ಅದನ್ನು ಬಿಟ್ಟು ಇದಕ್ಕೆ ಬಂದದ್ದು ಆ ಹಗಲಿನ ಸಲುವಾಗಿಯೇ.

"ಯಾರೂ ಸುಳ್ಳು ಹೇಳಿರ್ಲಿಲ್ರಿ ಆಯಿ. ಯಾರೂ ಕೇಳಿರ್ಲಿಲ್ಲ, ಅಷ್ಟೇ."

ದಸರೆಯ ಖಂಡೇಪೂಜೆ, ಆಯುಧ ಯಂತ್ರಗಳನ್ನು ಪೂಜಿಸುವ ದಿನ, ಬಂತು. ಮೆಕ್ಯಾನಿಕ್ ದಿಲೀಪ ಮೆಹಕರದವನು, ಮೂರು ಹೊತ್ತು ವಿಭೂತಿ ಹಚ್ಚುವವನು. ಬೆಳಿಗ್ಗೆ ಪೆಟ್ಟಿಗೆಯ ಪರೀಕ್ಷೆ ಮುಗಿದ ಮೇಲೆ ಅವನು ಹೆಲಿಕಾಪ್ಟರಿಗೆ ಹೂ ಏರಿಸಿ, ಕಾಯಿ ಒಡೆದು, ನಿಂಬೆಹಣ್ಣು ಇಟ್ಟ. ಪೈಲಟ್ ಓಂಪ್ರಕಾಶ ಬೀದರ ಶಹರದವರು. ಪ್ರಸಾದ ತಿಂದು ಕೈ ಒರೆಸಿಕೊಂಡು ಔರಾದ ಕಡೆ ಹಾರಿದರು.

ಕಸ್ತೂರಿಬಾಯಿ ಹೋಳಿಗೆಯ ತಾಟು ಹಿಡಿದು ಮೇಲೆ ಹೋದರೆ ಈಶ್ವರಿ ಪರದೆಗೆ ಬಗ್ಗಿ ಕೂತಿದ್ದಳು. ಚುಕ್ಕೆ ಬಯಲಿನಲ್ಲೇ ನಿಂತಿತ್ತು. ಕಸ್ತೂರಿಬಾಯಿ ಮಾಳಿಗೆಗೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಅಲ್ಲಿ ಹೊಂಟದಲ್ಲವಾ. ನನಗ ಕಾಣ್ಲತ್ತದ."

"ನಿಮ್ಮ ಕಣ್ಣಿಗೆ ಕಂಡ್ರ ನಡಿಯೂದಿಲ್ರಿ ಆಯಿ. ಗುಡ್ಡ ದಾಟಿದ ಮ್ಯಾಲ ಯಾರ ಕಣ್ಣದ?"

ಅವಳು ವೈರ್‌ಲೆಸ್ಸಿನಲ್ಲಿ ಕರೆದು ತಿರುಗಿ ಬರಲು ಹೇಳಿದಳು. ಓಂಪ್ರಕಾಶರ ದನಿ ಗರಗರ ಬಂತು.

"ನಾ ಮಾತಾಡ್ಲತ್ತೀನಲ್ಲ, ಸತ್ತೀನೇನು? ಹಬ್ಬದ ದಿನ ಅರ್ಧಕ್ಕ ತಿರುಗಿಸ್ತೀ?"

ಅಷ್ಟರಲ್ಲಿ ಕಂಪನಿಯ ಮ್ಯಾನೇಜರನ ಫೋನು ಬಂತು. ಇವತ್ತಿನ ಹಾರಾಟ ನಿಂತರೆ ಸರ್ಕಾರದವರಿಗೆ ಜವಾಬು ಕೊಡಬೇಕಾಗುತ್ತದೆ, ವೈರ್‌ಲೆಸ್ ನಡೆಯುತ್ತಿದೆಯಲ್ಲ, ಸುಮ್ಮನಿರು ಎಂದ. ಸುಮ್ಮನಿರದಿದ್ದರೆ ನಾಳೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂದೂ ಸೇರಿಸಿದ. ಈಶ್ವರಿಯ ದುಡಿಮೆ ಎಕಂಬಾದ ಮನೆಗೆ ಎಷ್ಟು ಬೇಕಾಗಿತ್ತೆಂಬುದು ಕಸ್ತೂರಿಬಾಯಿಗೆ ಗೊತ್ತಿತ್ತು. ಅವರು ತಾಟನ್ನು ನೆಲಕ್ಕಿಟ್ಟು ಅವಳ ಪಕ್ಕ ಕೂತರು.

ಈಶ್ವರಿ ಮತ್ತೆ ವೈರ್‌ಲೆಸ್ ಎತ್ತಿಕೊಂಡಳು. "ಸರ್, ನೀವು ನನಗ ಕಾಣ್ಲತ್ತಿಲ್ರಿ. ತಿರುಗ್ರಿ."

ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಇಬ್ಬರೂ ಆಟೋದಲ್ಲಿ ಬಯಲು ಮುಟ್ಟಿದ್ದರು. ಓಂಪ್ರಕಾಶ ಇಳಿದವರೇ ಯಾರ ಮುಖವನ್ನೂ ನೋಡದೆ ನೆರಳಿಗೆ ಹೋದರು. ದಿಲೀಪ ಏಣಿ ಹತ್ತಿ ಹೆಲಿಕಾಪ್ಟರಿನ ನೆತ್ತಿಯ ಮೇಲೆ ನೋಡಿದವನು ಅಲ್ಲೇ ನಿಂತುಬಿಟ್ಟ. ಪೆಟ್ಟಿಗೆಯ ಸುದ್ದಿ ಆಕಾಶಕ್ಕೆ ಹೋಗುವುದು ನೆತ್ತಿಯಲ್ಲಿದ್ದ ಕರಿಯ ಗುಂಡಿನಿಂದ. ಅದು ನೋಡಲು ಥೇಟು ಲಿಂಗ. ಪೂಜೆಯ ಹೊತ್ತಿನಲ್ಲಿ ಅವನು ಅದಕ್ಕೆ ವಿಭೂತಿ ಬಳಿದು, ಗುಡಿಯಲ್ಲಿ ಮಾಡುವಂತೆ ಬೆಳ್ಳಿಯ ಕವಚ ತೊಡಿಸಿದ್ದ. ಹಾರುವ ಮೊದಲು ಹೂವು, ನಿಂಬೆಹಣ್ಣು ತೆಗೆದಿದ್ದ. ಕವಚ ತೆಗೆಯಲು ಮನಸ್ಸಾಗಿರಲಿಲ್ಲ. ಬೆಳ್ಳಿ ಎಲ್ಲಿಯದು? ಕಸ್ತೂರಿಬಾಯಿ ದಿನಾ ಬಯಲಿನವರಿಗೆ ರೊಟ್ಟಿ ಸುತ್ತಿ ಕಳಿಸುತ್ತಿದ್ದ ಬೆಳ್ಳಿ ಬಣ್ಣದ ಹಾಳೆ. ಸುತ್ತ ಟೇಪು ಹಚ್ಚಿ ಗಾಳಿಗೆ ಹಾರದಂತೆ ಭದ್ರ ಮಾಡಿದ್ದ. ದೇವರು ಚೊಕ್ಕಾಗಿ ಕಂಡಿದ್ದ. ಆ ಲೋಹದ ಹಾಳೆ ದಾಟಿ ಸುದ್ದಿ ಮಾತ್ರ ಹೊರಬೀಳಲಿಲ್ಲ.

"ಲಿಂಗದಂಗ ಕಂಡಿತ್ತಕ್ಕಾ," ಎಂದ ದಿಲೀಪ ಏಣಿಯ ಮೇಲಿಂದಲೇ. ಕಣ್ಣಲ್ಲಿ ನೀರು ಬಂದಿತ್ತು.

ಈಶ್ವರಿ ಬೈಯಲಿಲ್ಲ. "ನಾನೂ ಕೈ ಮುಗಿತೇನಿ ತಮ್ಮಾ. ವಿಭೂತಿ ಇರ್ಲಿ, ಕವಚ ತಗಿ."

ಹಾಳೆ ಬಿಚ್ಚಿದ ಸ್ವಲ್ಪ ಹೊತ್ತಿಗೆ ಅವಳು ಜೊತೆಗೆ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಚುಕ್ಕೆ ಮತ್ತೆ ಮಿನುಗಿತು. ನಡೆದದ್ದನ್ನೆಲ್ಲ ಅವಳು ಇದ್ದ ಹಾಗೆಯೇ ಸರ್ಕಾರದವರಿಗೆ ತಿಳಿಸಿದಳು. ಆ ದಿನ ಮತ್ತೆ ಹಾರಾಟ ನಡೆಯಲಿಲ್ಲ. ತಣ್ಣಗಾದ ಹೋಳಿಗೆಯನ್ನು ಕಸ್ತೂರಿಬಾಯಿ ತುಪ್ಪ ಹಾಕಿ ಮತ್ತೆ ಬಿಸಿ ಮಾಡಿ ಕೊಟ್ಟರು. ಈಶ್ವರಿ ಅರ್ಧ ತಿಂದು, "ನಾಳಿ ಗಂಟು ಕಟ್ಬೇಕಾಗ್ತದೇನೋ ಆಯಿ" ಎಂದಳು.

ಮರುದಿನ ಯಾರೂ ಕುರ್ಚಿ ಬಿಡು ಎನ್ನಲಿಲ್ಲ. ಬೆಳಿಗ್ಗೆ ವೈರ್‌ಲೆಸ್ ತಾನಾಗಿಯೇ ಗರಗರ ಎಂದಿತು. ಓಂಪ್ರಕಾಶರು.

"ಈಶ್ವರಿ, ಕಾಣ್ಲತ್ತೀನೇನು?"

"ಕಾಣ್ಲತ್ತೀರಿ ಸರ್."

"ಹಂಗಾದ್ರ ಹೊಂಟೆ."

ಅವತ್ತಿನಿಂದ ಅವರು ಹಾಗೆ ಕೇಳದೆ ನೆಲ ಬಿಡಲಿಲ್ಲ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಕಸ್ತೂರಿಬಾಯಿ ಕೆಳಗೆ ಒಲೆ ಹಚ್ಚುತ್ತಿದ್ದರು.

ಚಳಿ ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಕಂಪನಿ ಈಶ್ವರಿಯನ್ನು ವಿದರ್ಭದ ಕಡೆಗೆ, ಒಬ್ಬಳನ್ನೇ, ಹೊಸ ಗುತ್ತಿಗೆಗೆ ಹಾಕಿತು. ಕಸ್ತೂರಿಬಾಯಿ ಭಾಲ್ಕಿಯ ಬಸ್‌ಸ್ಟ್ಯಾಂಡಿಗೆ ಹೋಗಿ ರೊಟ್ಟಿಯ ಗಂಟು ಕೊಟ್ಟರು. ಈ ಸಲ ಬಟ್ಟೆಯಲ್ಲಿ ಕಟ್ಟಿದ್ದರು. ಹುಡುಗಿ ಅದನ್ನು ನೋಡಿ ನಕ್ಕಳು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಅಲುಗಿದಾಗ ತಲೆ ಹೊರಗೆ ಹಾಕಿದಳು.

"ಮುಟ್ಟಿದ ಮ್ಯಾಲ ಫೋನ್ ಮಾಡ್ತೇನ್ರಿ ಆಯಿ. ಒಂದು ವೇಳೆ ಮಾಡ್ಲಿಲ್ಲಂದ್ರ, ನೀವು ಕೇಳ್ತೀರೇನ್ರಿ?"