ಬಿಪಿ ಮಾತ್ರೆ ಔಷಧಿಯ ಲೆಕ್ಕಕ್ಕಿಲ್ಲ

ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತು ಬುಗುರಿ, ಗಿಲಕಿ ಕಡೆಯುವವನಿಗೆ ಬೆರಳೇ ಬಂಡವಾಳ. ಉಳಿ ಜಾರುತ್ತಿತ್ತು. ಸಂಜೆಯಾದರೆ ಸಣ್ಣ ಜ್ವರ ಬೇರೆ. ಸೀನು ಬಂದರೂ ನ್ಯುಮೋನಿಯಾ ಅನ್ನುವವನು ನಾನು. ಈ ಸಲ ಮಾತ್ರ ವಯಸ್ಸಾಯಿತು ಎಂದು ಎರಡು ತಿಂಗಳು ಸುಮ್ಮನಿದ್ದೆ. ನನ್ನ ಬುದ್ಧಿಗಿಷ್ಟು!

ರಾಮನಗರದ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, “ನಿಮ್ಮ ಜೀವಕೋಶಗಳ ಮೇಲೇ ತಿರುಗಿಬಿದ್ದ ಪ್ರತಿಕಾಯಗಳಿವೆ. ಲೂಪಸ್ ಅನ್ನೋ ಕಾಯಿಲೆ ಇರಬಹುದು. ಏನಾದ್ರೂ ಔಷಧಿ ತಗೋತಿದ್ದೀರಾ?” ಅಂದರು.

“ಏನೂ ಇಲ್ಲ ಸಾರ್,” ಅಂದೆ, ಒಸಿ ಜಂಬದಿಂದಲೇ.

ಬಸ್ಸು ಚನ್ನಪಟ್ಟಣ ಮುಟ್ಟುವಷ್ಟರಲ್ಲಿ, ಫೋನಿನಲ್ಲಿ ಓದಿ ಓದಿ ನನ್ನ ಎರಡೂ ಕಿಡ್ನಿ ಹೋಗಿದ್ದವು. ಜೀವನಪರ್ಯಂತದ ಕಾಯಿಲೆಯಂತೆ. ಇನ್ನು ಉಳಿ ಹಿಡಿಯುವುದು ಯಾರು?

ಮುಂದಿನ ಸಲ ಹೆಂಡತಿಯೂ ಬಂದಳು. ಡಾಕ್ಟರದ್ದು ಅದೇ ಪ್ರಶ್ನೆ, ನನ್ನದು ಅದೇ ಉತ್ತರ.

“ಏನೂ ಇಲ್ವಂತೆ! ದಿನಾ ಮೂರೊತ್ತು ನುಂಗ್ತೀರಲ್ಲ, ಅದೇನ್ ಕಡ್ಲೆಬೀಜವಾ?”

“ಅದು ಬಿಪಿ ಮಾತ್ರೆ ಕಣೆ. ಔಷಧಿ ಅಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. ನಮ್ಮ ಮನೆಯಲ್ಲಿ ಔಷಧಿಯೆಂದರೆ ಕಾಯಿಲೆ ಬಂದಾಗ ನುಂಗಿ, ವಾಸಿಯಾದ ಮೇಲೆ ಬಿಡುವುದು. ಬಿಪಿ ಮಾತ್ರೆ ಇರುವುದು ಕಾಫಿಪುಡಿ ಡಬ್ಬಿಯ ಪಕ್ಕ. ಜೀವಮಾನದಲ್ಲಿ ನಾನು ಒಂದು ದಿನವೂ ತಪ್ಪಿಸದ ಕೆಲಸ ಅದೊಂದೇ.

ಹೆಂಡತಿ ಚೀಲದಿಂದ ಮಾತ್ರೆ ಹಾಳೆ ತೆಗೆದುಕೊಟ್ಟಳು. ಹೈಡ್ರಲಜೀನ್.

“ಮೊದಲ ದಿನವೇ ಹೇಳಬಾರದಿತ್ತೇನ್ರೀ?” ಅಂತ ರೇಗಿದರು ಡಾಕ್ಟರು. ಆಮೇಲೆ ಬಿಡಿಸಿ ಹೇಳಿದರು: ರಾಟೆಗೆ ರೇಷ್ಮೆ ಸುತ್ತುವ ಹಾಗೆ ನಮ್ಮ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ, ಈ ಮಾತ್ರೆಯಿಂದ ಕೆಲವರ ಮೈ ಆ ಹಿಸ್ಟೋನನ್ನೇ ಶತ್ರು ಎಂದುಕೊಂಡು ಲೂಪಸ್‌ನಂಥದ್ದೇ ಕಾಯಿಲೆ ತಂದುಕೊಳ್ಳುತ್ತದೆ. ಹಿಸ್ಟೋನ್ ವಿರುದ್ಧದ ಪ್ರತಿಕಾಯದ ಪರೀಕ್ಷೆಯೂ ಪಾಸಿಟಿವ್ ಬಂತು. ಮಾತ್ರೆ ಬದಲಾಯಿಸಿದರು. ಹಳೇದು ಬಿಟ್ಟರೆ ಕೈ ಬಿಗಿತ, ಜ್ವರ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತೆ, ನೋಡೋಣ ಅಂದರು.

ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಮುಷ್ಟಿಯ ಪರೀಕ್ಷೆ. ಐದನೇ ವಾರ ಒಂದು ದಿನ ಪೂರ್ತಿ ಮಡಚಿತು. ಅಡುಗೆಮನೆಗೆ ಓಡಿ ತೋರಿಸಿದೆ.

“ಗುದ್ದಕ್ಕೆ ಬಂದ್ರಾ? ಮೊದ್ಲು ಹೊಸ ಮಾತ್ರೆ ನುಂಗಿ.”

“ರಕ್ತದಲ್ಲಿ ಪ್ರತಿಕಾಯ ಇನ್ನೂ ಐತಂತೆ ಕಣೆ, ಮೊನ್ನೆ ರಿಪೋರ್ಟಲ್ಲಿ...”

“ಅದು ನಿಧಾನಕ್ಕೆ ಹೋಯ್ತದೆ ಅಂತ ಡಾಕ್ಟ್ರು ಹೇಳ್ಲಿಲ್ವಾ? ಬುಗುರಿ ಕಡೆಯೋದು ಕೈಯಾ, ರಿಪೋರ್ಟಾ?”

ಲೇತ್ ಹಾಕಿದೆ. ಉಳಿ ಜಾರಲಿಲ್ಲ.