ಎದ್ದುಹೋದವಳ ಪರವಾಗಿ

ಟೆಕ್ಸಾಸಿನ ಶುಗರ್ ಲ್ಯಾಂಡ್ ಊರಿನ ಕನ್ನಡದವರಿಗೆ ಪದ್ಮಿನಿ ಎಂದರೆ ಡಾಕ್ಟರ್ ಗುರುರಾಜರ ಹೆಂಡತಿ, ಯುಗಾದಿಗೆ ತಪ್ಪದೆ ಮಾವಿನಕಾಯಿ ಚಿತ್ರಾನ್ನ ತರುವ ಆಂಟಿ. ಮದುವೆಯಾದ ಹೊಸದರಲ್ಲಿ ಅವರು ಜಾಂಬಿಯಾದಲ್ಲಿ ಇತಿಹಾಸದ ಟೀಚರಾಗಿದ್ದರೆಂಬುದು ಬಹಳ ಮಂದಿಗೆ ತಿಳಿಯದು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಂಡನಿಗೆ ಕಿಟ್ವೆ ಎಂಬ ತಾಮ್ರದ ಗಣಿಯೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದ ಪದ್ಮಿನಿಯವರನ್ನು ಅಲ್ಲಿನ ಹೆಣ್ಣುಮಕ್ಕಳ ಶಾಲೆ ಕೂಡಲೇ ಸೇರಿಸಿಕೊಂಡಿತು. ಪೇಚಿನ ಸಂಗತಿಯೆಂದರೆ, ಪಾಠ ಮಾಡಬೇಕಾದದ್ದು ಆ ನಾಡಿನ ಚರಿತ್ರೆ. ಮಕ್ಕಳಿಗಿಂತ ಒಂದು ಅಧ್ಯಾಯ ಮುಂದೆ ಓದಿಕೊಂಡು ತರಗತಿಗೆ ಹೋಗುತ್ತಿದ್ದರು. ತಿಳಿಯದ್ದನ್ನು ಹಿರಿಯ ಸಹೋದ್ಯೋಗಿ ಮುಲೆಂಗಾ ಬಿಡಿಸಿ ಹೇಳುತ್ತಿದ್ದರು.

ಹಾಗೆ ಕಲಿತದ್ದರಲ್ಲಿ ಒಕ್ಕೂಟದ ಪಾಠವೂ ಒಂದು. ಈಗಿನ ಜಾಂಬಿಯಾ, ಜಿಂಬಾಬ್ವೆ, ಮಲಾವಿ ಆಗ ಬ್ರಿಟಿಷರ ಕೈಕೆಳಗಿನ ಮೂರು ನೆರೆಯ ಪ್ರಾಂತ್ಯಗಳು. ಮೂರನ್ನೂ ಕೂಡಿಸಿ ಒಕ್ಕೂಟ ಮಾಡೋಣ, ವ್ಯಾಪಾರ ಬೆಳೆಯುತ್ತದೆ, ವಿದ್ಯುತ್ತು ಬರುತ್ತದೆ ಎಂಬ ಪ್ರಸ್ತಾಪ ಐವತ್ತರ ದಶಕದ ಆರಂಭದಲ್ಲಿ ಜೋರಾಯಿತು. ಅಧಿಕಾರವೆಲ್ಲ ಬೆರಳೆಣಿಕೆಯ ಬಿಳಿಯರ ಕೈಗೆ ಹೋದೀತೆಂದು ಆಫ್ರಿಕನ್ನರು ಅಂಜಿದರು. ನಿಮ್ಮ ಹಿತ ಕಾಯಲೆಂದೇ ಒಂದು ಮಂಡಳಿ ಇರುತ್ತದೆ, ತಾರತಮ್ಯದ ಕಾನೂನು ಬಂದರೆ ಅದು ತಡೆದು ಲಂಡನ್ನಿನ ಮುಂದಿಡಬಹುದು ಎಂದು ಸರ್ಕಾರ ಭರವಸೆ ಕೊಟ್ಟಿತು. ಒಕ್ಕೂಟ ಆಯಿತು. ಮಂಡಳಿ ಎರಡು ದೊಡ್ಡ ಮಸೂದೆಗಳನ್ನು ಆಕ್ಷೇಪಿಸಿದಾಗ ಲಂಡನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷಕ್ಕೆ ಒಕ್ಕೂಟವೇ ಮುರಿದುಬಿತ್ತು.

"ಯೋಜನೆ ವಿವರಿಸೋಕೆ ನಮ್ಮೂರಿಗೂ ಒಬ್ಬ ಅಧಿಕಾರಿ ಬಂದಿದ್ದ," ಎಂದು ಮುಲೆಂಗಾ ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು. "ಹಿರಿಯರು ಪೂರ್ತಿ ಕೇಳಿ, ಒಂದು ಮಾತೂ ಆಡದೆ ಎದ್ದು ಹೋದರು. ಇವರಿಗೆ ಅರ್ಥವಾಗಿಲ್ಲ ಅಂತ ಅವನು ಮೇಲಿನವರಿಗೆ ಬರೆದ."

ಕಿಟ್ವೆ ಬಿಟ್ಟು ಟೆಕ್ಸಾಸಿಗೆ ಬಂದ ಮೇಲೆ ಪದ್ಮಿನಿ ಮತ್ತೆ ಪಾಠ ಮಾಡಲಿಲ್ಲ. ಕಳೆದ ಚಳಿಗಾಲದಲ್ಲಿ ಅಲೆನ್ ಎಂಬ ಊರಿನಲ್ಲಿರುವ ಮಗ ಮನೀಷನ ಮನೆಗೆ ಹೋಗಿದ್ದಾಗ, ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಸಂಹಿತಾ ಲ್ಯಾಪ್‌ಟಾಪ್ ಹಿಡಿದು ಪಕ್ಕಕ್ಕೆ ಬಂದು ಕೂತಳು. ಆಸ್ಟಿನ್‌ನಲ್ಲಿ ಶಾಲೆಗಳ ಸ್ಪರ್ಧೆಯಿತ್ತು. ಹಿಂದೆಂದೋ ನಡೆದ ಸಮ್ಮೇಳನವೊಂದನ್ನು ಮಕ್ಕಳು ಪಾತ್ರ ವಹಿಸಿ ನಡೆಸಿಕೊಡಬೇಕು. ಆ ಸಲ ಬಂದದ್ದು ಇದೇ ಒಕ್ಕೂಟದ ಬಗ್ಗೆ ಲಂಡನ್ನಿನಲ್ಲಿ ಸೇರಿದ್ದ ಸಮ್ಮೇಳನ. ಸಂಹಿತಾಗೆ ಬ್ರಿಟಿಷ್ ಮಂತ್ರಿಯ ಪಾತ್ರ.

"ಅಜ್ಜಿ, ಎಲ್ಲರ ಹಿತ ಕಾಯೋ ಈ ಬೋರ್ಡ್ ಐಡಿಯಾ ಸೂಪರ್ ಅಲ್ವಾ? ಎವ್ರಿವನ್ ಈಸ್ ಸೇಫ್!"

"ಆ ಮಂತ್ರಿಗಳೂ ಹಾಗೇ ಅಂದ್ಕೊಂಡಿದ್ರು. ಬಾ, ಅವರ ವಾದ ಏನಿತ್ತು ಅಂತ ಸರಿಯಾಗಿ ಹೇಳ್ಕೊಡ್ತೀನಿ."

ಮುಂದೆ ಆದದ್ದು ಅಂದಿನ ಮಂತ್ರಿಗೆ ಗೊತ್ತಿರಲಿಲ್ಲ. ಪಾತ್ರ ಮಾಡುವವಳಿಗೂ ಸದ್ಯಕ್ಕೆ ಬೇಡವೆಂದು ಪದ್ಮಿನಿಯೊಳಗಿನ ಟೀಚರ್ ಬುದ್ಧಿ ಹೇಳಿತು. ಮಂತ್ರಿಯ ಪರದ ವಾದವನ್ನಷ್ಟೇ ಕಲಿಸಿದರು.

ಆಸ್ಟಿನ್‌ನಲ್ಲಿ ಸಂಹಿತಾ ನಿರರ್ಗಳವಾಗಿ ಮಾತಾಡಿದಳು. ಎದುರಿಗೆ ಹ್ಯೂಸ್ಟನ್ನಿನ ಒಂದು ಶಾಲೆಯಿಂದ ಬಂದ ನಯೋಮಿ ಎಂಬ ಹುಡುಗಿ. ಜಾಂಬಿಯಾಕ್ಕೆ ಆಗ ಉತ್ತರ ರೊಡೇಶಿಯಾ ಎಂದು ಹೆಸರು. ಅಲ್ಲಿನ ಆಫ್ರಿಕನ್ನರ ಪ್ರತಿನಿಧಿಯ ಪಾತ್ರ ಅವಳದು. ತನ್ನ ಸರದಿ ಬಂದಾಗ ಎದ್ದು ನಿಂತು, "ಕೂಡಿದ ಮೇಲೆ ಹೇಗೆ ಕಾಪಾಡುತ್ತೀರೆಂದು ಹೇಳುತ್ತಿದ್ದೀರಿ. ಕೂಡಬೇಕೋ ಬೇಡವೋ ಎಂದು ನಮ್ಮನ್ನು ಕೇಳಲಿಲ್ಲ. ಇಲ್ಲಿ ಕೂತರೆ ನಾವು ಒಪ್ಪಿದ ಹಾಗೆ," ಎಂದಳು. ಕುರ್ಚಿಯನ್ನು ಒಳಕ್ಕೆ ಸರಿಸಿ ಹೊರಗೆ ನಡೆದಳು.

ಒಕ್ಕೂಟದ ಪರ ಮತ ಬಿತ್ತು. ಸಂಹಿತಾಗೆ ಮೊದಲ ಬಹುಮಾನ. ಚರ್ಚೆಯಲ್ಲಿ ಭಾಗವಹಿಸದ ಕಾರಣ ನಯೋಮಿಗೆ ಸೊನ್ನೆ ಎಂದು ತೀರ್ಪುಗಾರ ಓದಿದ. ಬಾಗಿಲ ಬಳಿ ನಿಂತಿದ್ದ ನಯೋಮಿ ನೆಲ ನೋಡಿದಳು.

ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ತೀರ್ಪುಗಾರ ವಾಡಿಕೆಗೆ ಕೇಳಿದ. ಸಭಿಕರ ಸಾಲಿನಲ್ಲಿ ಮಗನ ಪಕ್ಕ ಕೂತಿದ್ದ ಪದ್ಮಿನಿ ಎದ್ದರು.

"ಅಮ್ಮ, ಬೇಡಮ್ಮ. ಸಂಹಿತಾಗೆ ಎಂಬರಾಸ್ ಆಗತ್ತೆ," ಎಂದು ಮನೀಷ ಶಾಲಿನ ತುದಿ ಎಳೆದ.

ಅವರು ಶಾಲು ಬಿಡಿಸಿಕೊಂಡರು. "ಜಾಂಬಿಯಾದಲ್ಲಿ ನಾನು ಇದೇ ಪಾಠ ಹೇಳಿಕೊಟ್ಟವಳು," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. "ನಿಜವಾದ ಸಮ್ಮೇಳನ ನಡೆದಾಗ ಅಲ್ಲಿನ ಆಫ್ರಿಕನ್ ಪ್ರತಿನಿಧಿಗಳು ಲಂಡನ್ನಿನವರೆಗೆ ಹೋಗಿಯೂ ಒಳಗೆ ಕೂರಲಿಲ್ಲ. ಅರ್ಥವಾಗದೆ ಅಲ್ಲ, ಅರ್ಥವಾಗಿಯೇ. ಈ ಮಗು ತನ್ನ ಪಾತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದೆ. ಸೊನ್ನೆ ಕೊಡಬೇಡಿ."

ತೀರ್ಪುಗಾರ ಗೌರವದಿಂದಲೇ ಕೇಳಿಸಿಕೊಂಡ. ತನಗಿದು ತಿಳಿದಿರಲಿಲ್ಲ ಎಂದ. ಆದರೆ ಕೂತು ಚರ್ಚಿಸಿದವರಿಗೆ ಮಾತ್ರ ಅಂಕ ಎಂಬುದು ನಿಯಮ, ಬದಲಿಸಲಾಗದು ಎಂದು ಮುಗಿಸಿದ. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ವಾಪಸು ಬರುವ ದಾರಿಯಲ್ಲಿ ವೇಕೊ ಊರಿನ ಹತ್ತಿರ ಮನೀಷ ಕಾರಿಗೆ ಪೆಟ್ರೋಲ್ ಹಾಕಲು ಇಳಿದಾಗ ಸಂಹಿತಾ ಅಜ್ಜಿಯತ್ತ ತಿರುಗಿ ಕೇಳಿದಳು:

"ಅಜ್ಜಿ, ನಾನು ಸೋಲ್ಬೇಕಿತ್ತಾ?"

"ಇಲ್ಲ ಪುಟ್ಟಿ. ನೀನು ಸರಿಯಾಗೇ ಮಾಡ್ದೆ. ಅವತ್ತೂ ಆ ಮಂತ್ರಿಗಳೇ ಗೆದ್ದಿದ್ದು."

"ದೆನ್?"

ಅಲೆನ್ ತಲುಪುವವರೆಗೂ ಪದ್ಮಿನಿ ಹೇಳಿದರು. ಮಂಡಳಿಯ ದೂರು, ಲಂಡನ್ನಿನ ಅಲಕ್ಷ್ಯ, ಊರೂರಲ್ಲಿ ಎದ್ದ ಪ್ರತಿಭಟನೆ, ಬಂಧನಗಳು. ಸಂಹಿತಾಗೆ ಅಳುವಷ್ಟು ಸಿಟ್ಟು ಬಂತು.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ? ದಟ್ಸ್ ನಾಟ್ ಫೇರ್!"

"ಹೇಳಿದ್ರೆ ಅಷ್ಟು ನಂಬಿಕೆಯಿಂದ ಮಾತಾಡ್ತಿದ್ಯಾ?"

ಪದ್ಮಿನಿ ಶುಗರ್ ಲ್ಯಾಂಡಿಗೆ ಹಿಂದಿರುಗಿದ ಮೇಲೂ ಸಂಹಿತಾ ಸ್ವಲ್ಪ ದಿನ ಫೋನ್ ಮಾಡಲಿಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಪದ್ಮಿನಿ ಗಂಡನನ್ನು ಕೇಳಿದರು. "ಎರಡೂ ಇರಬಹುದು," ಎಂದರು ಗುರುರಾಜ್.

ಒಂದು ಭಾನುವಾರ ವಿಡಿಯೋ ಕಾಲ್ ಬಂತು. ಪರದೆಯ ಮೇಲೆ ಸಂಹಿತಾ, ಇನ್ನೊಂದು ಚೌಕದಲ್ಲಿ ನಯೋಮಿ. ಸಂಹಿತಾ ತಾನೇ ಅವಳನ್ನು ಹುಡುಕಿ ಮಾತಾಡಿಸಿದ್ದಳು.

ನಯೋಮಿ ಥ್ಯಾಂಕ್ಸ್ ಹೇಳಿ, ಒಂದು ಪ್ರಶ್ನೆ ಇಟ್ಟಳು. ಹೊರಗುಳಿದವರು ಒಳಗೇ ಕೂತು ಹಟ ಹಿಡಿದಿದ್ದರೆ ಏನಾದರೂ ಬದಲಾಗುತ್ತಿತ್ತೇ?

"ಗೊತ್ತಿಲ್ಲಮ್ಮ," ಎಂದರು ಪದ್ಮಿನಿ. "ಈ ವಿಷಯಕ್ಕೆ ಅವರವರಲ್ಲೇ ಜಗಳ ಇತ್ತು."

ನಾನಾದರೆ ಮತ್ತೆ ಎದ್ದುಹೋಗುತ್ತೇನೆ ಎಂದಳು ನಯೋಮಿ. ನಾನಾದರೆ ಕೂತು ಮೇಜು ಗುದ್ದುತ್ತಿದ್ದೆ ಎಂದಳು ಸಂಹಿತಾ. ಇಬ್ಬರ ವಾದ ಬಿಸಿಯೇರಿತು, ನಡುವೆ ಒಬ್ಬ ಅಜ್ಜಿ ಇದ್ದಾರೆಂಬುದು ಇಬ್ಬರಿಗೂ ಮರೆತುಹೋಯಿತು.

ಕಾಫಿ ಹಿಡಿದು ಬಂದ ಗುರುರಾಜ್ "ಏನು, ಕ್ಲಾಸ್ ಶುರುವಾಯ್ತಾ?" ಎಂದರು.

ಸುಮ್ಮನಿರಿ ಎಂಬಂತೆ ಕೈ ಮಾಡಿದ ಪದ್ಮಿನಿ, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.